ಹಕ್ಕಿಯ ಕಣ್ಣೂ ಬೇಟೆಗಾರನ ಕೋವಿಯೂ

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗಳನ್ನೆಲ್ಲ ಒರಸಿ ಒಪ್ಪಮಾಡಿ, ಗಂಧವನ್ನು ಹಚ್ಚಿ, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಕೆಂಪು ಹಳದಿಯ ಹೂವನ್ನು ಸಿಕ್ಕಿಸಿ ಪೂಜಿಸುವುದನ್ನು ನಮ್ಮ ಕೇಳುಗರಲ್ಲಿ ಹಲವರು ಕಣ್ಣಾರೆ ಕಂಡಿರಬಹುದು. ಅಲ್ಲಿ ಕೋವಿಯು ಎಲ್ಲರಿಗೂ ಕಾಣಬೇಕಾದ ವಸ್ತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಸಂತಕಾಲ ಹತ್ತಿರವಾಗುತ್ತಲೆ ಇದಕ್ಕೆ ತೀರ ವಿರುದ್ಧವಾದ ಒಂದು ಸಿದ್ಧತೆ ಮೊದಲಾಗುವುದು. ಹೊಸದಾಗಿ ಕೊಂಡ, ಎಣ್ಣೆಯ ಹೊಳಪಿನಿಂದ ಕಂಗೊಳಿಸುವ ಕೋವಿಯನ್ನು ಅದರ ಒಡೆಯನೇ ಮನೆಯ ಹಿತ್ತಿಲಿಗೆ ತಂದು, ಅದರ ಮೇಲೆ ಮಣ್ಣಿನ ಬಣ್ಣವನ್ನೂ ಒಣಗಿದೆಲೆಯ ಬಣ್ಣವನ್ನೂ ಮರದ ತೊಗಟೆಯ ಬಣ್ಣವನ್ನೂ ಎರಚಿ, ಅದು ಕೋವಿಯೆಂದೇ ತೋರದಂತೆ ಮಾಡುವನು. ಇದೆಲ್ಲವೂ ಟರ್ಕಿ ಕೋಳಿಯ ಬೇಟೆಗಾಗಿ. ನೂರಾರು ಡಾಲರುಗಳ ಪದಾರ್ಥವನ್ನು ಹೀಗೆ ಕುರೂಪಗೊಳಿಸುವುದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ನಮ್ಮ ಈ ಭಾಷಣದ ಉದ್ದೇಶ.

ಯಾರನ್ನೂ ಬೇಟೆಗೆ ಎಬ್ಬಿಸುವುದು ನಮ್ಮ ಅಭಿಪ್ರಾಯವಲ್ಲವೆಂಬುದನ್ನು ಮೊದಲೇ ಹೇಳಿಬಿಡುವೆವು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ನಮ್ಮ ದೇಶದಲ್ಲಿ ವಿನೋದಕ್ಕಾಗಿ ಬೇಟೆಯಾಡುವುದನ್ನು ಮುಗಿಸಿಬಿಟ್ಟಿರುವುದು. ಅಮೆರಿಕದಲ್ಲಿಯೂ ಈ ಬೇಟೆಯು ಮನಬಂದಂತೆ ನಡೆಯುವುದಲ್ಲ. ಕಾಡುಗಳನ್ನು ಕಡಿದು, ಹಕ್ಕಿಗಳನ್ನು ಲೆಕ್ಕವಿಲ್ಲದೆ ಕೊಂದುದರ ಫಲವಾಗಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕಾಡು ಟರ್ಕಿಯು ಅನೇಕ ಸಂಸ್ಥಾನಗಳಿಂದ ಸಂಪೂರ್ಣವಾಗಿ ಮಾಯವಾಗಿತ್ತು. 1937ರ ಶಾಸನವೊಂದರಿಂದ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯ ಹಣವು ವನ್ಯಜೀವಿಗಳ ಪುನರುದ್ಧಾರಕ್ಕೆಂದು ಮೀಸಲಾಯಿತು. 1951ರಿಂದ ದಕ್ಷಿಣ ಕೆರೊಲೈನಾದಲ್ಲಿ ಮದ್ದಿನ ಬಲದಿಂದ ಹಾರಿ ಬೀಳುವ ಬಲೆಗಳಿಂದ ಕಾಡು ಹಕ್ಕಿಗಳನ್ನು ಜೀವಸಹಿತ ಹಿಡಿದು ಬೇರೆ ಕಾಡುಗಳಿಗೆ ಸಾಗಿಸುವ ಕ್ರಮವು ಫಲಕಾರಿಯಾಯಿತು. ಈಗ ಅವುಗಳ ಸಂಖ್ಯೆಯು ಸುಮಾರು 60 ಲಕ್ಷವೆಂದು ಅಂದಾಜು. ಪರವಾನೆ ಪಡೆದವರು ಮಾತ್ರ, ಗೊತ್ತಾದ ಕೆಲವು ವಾರಗಳಲ್ಲಿ, ಗೊತ್ತಾದಷ್ಟು ಹಕ್ಕಿಗಳನ್ನು, ಅದರಲ್ಲಿಯೂ ವಸಂತದಲ್ಲಿ ಸಾಮಾನ್ಯವಾಗಿ ಎದೆಯಲ್ಲಿ ಗಡ್ಡದಂತಹ ಕುಚ್ಚುಳ್ಳ ಹುಂಜಗಳನ್ನೇ, ಹೊಡೆಯಬೇಕು.

ಟರ್ಕಿ ಎಂಬ ಹೆಸರಿದ್ದರೂ ತುರ್ಕಿ ದೇಶಕ್ಕೂ ಈ ಹಕ್ಕಿಗೂ ಸಂಬಂಧವಿಲ್ಲ. ಇದು ಅಮೆರಿಕ ಖಂಡದ್ದು. ನಮ್ಮ ನವಿಲು, ಕಾಡುಕೋಳಿಗಳ ಕುಟುಂಬಕ್ಕೇ ಸೇರಿದುದು. ಬೆಳೆದ ಹುಂಜವು 16ರಿಂದ 24 ಪೌಂಡುಗಳವರೆಗೆ ತೂಗುವುದು. ಅದರ ತಲೆ ಕತ್ತುಗಳಲ್ಲಿ ಗರಿಗಳು ವಿರಳ; ಆ ಚರ್ಮವು ಉದ್ರೇಕಕ್ಕೆ ತಕ್ಕಂತೆ ಕೆಂಪು, ಬಿಳಿ, ನೀಲಿ ಬಣ್ಣಗಳನ್ನು ತಾಳುವುದು. ಈ ಮೂರು ಬಣ್ಣಗಳನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ಇವುಗಳ ಮಾತು ಬೇರೊಂದು ಸಂದರ್ಭದಲ್ಲಿ ಬರುವುದು.

ಈ ಹಕ್ಕಿಗೆ ಮೂಗಿನ ಬಲ ಬಹಳ ಕಡಿಮೆ. ಜಿಂಕೆಯ ಬೇಟೆಯವನು ಗಾಳಿಯ ದಿಕ್ಕನ್ನು ನೋಡಿ ಕುಳಿತುಕೊಳ್ಳಬೇಕು. ಟರ್ಕಿಯ ಬೇಟೆಯವನಿಗೆ ಆ ಚಿಂತೆಯಿಲ್ಲ. ಆದರೆ ಮೂಗಿನಲ್ಲಿ ಕೊಡದೆ ಉಳಿಸಿದುದನ್ನೆಲ್ಲ ಪ್ರಕೃತಿಯು ಅದರ ಕಣ್ಣಿನಲ್ಲಿ ಸುರಿದಿದೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ, ಕತ್ತನ್ನು ಅಲುಗಿಸದೆಯೇ ಸುತ್ತಲಿನ ಮುಕ್ಕಾಲು ಪಾಲು ಅದಕ್ಕೆ ಕಾಣುವುದು. ಕೊಂಚ ಹೊರಳಿಸಿದರೆ ಉಳಿದ ಕಾಲು ಪಾಲೂ ದೊರೆಯುವುದು. ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಕಣಗಳು ಮೂರು ವಿಧ. ಇದರಲ್ಲಿ ನಾಲ್ಕು ವಿಧ. ನಮಗೆ ಕಾಣದ ನೇರಳಾತೀತ ಕಿರಣಗಳಲ್ಲಿ ಕೆಲವು ಅದರ ಕಣ್ಣಿಗೆ ತಗಲುವುವು. ಬಿಳಿಯ ಹೊಳಪು ಹೆಚ್ಚಲೆಂದು ಸಾಬೂನಿನ ಪುಡಿಗೆ ಬೆರಸುವ ದ್ರವ್ಯಗಳಿಂದ ಬೇಟೆಯ ಬಟ್ಟೆಯನ್ನು ಒಗೆಯಬಾರದೆಂದು ಅಲ್ಲಿನ ಅನುಭವಸ್ಥರು ಹೇಳುವುದು ಇದರಿಂದಲೇ.

ಇನ್ನು ಬೇಟೆಯ ಕ್ರಮವನ್ನು ಅರಿತರೆ ಬಣ್ಣದ ಅವಶ್ಯಕತೆಯು ತಾನಾಗಿ ಮನವರಿಕೆಯಾಗುವುದು. ವಸಂತದಲ್ಲಿ ಹುಂಜವು ಬೆಳಗಿನ ಜಾವದಲ್ಲಿ ತಾನು ಮಲಗಿದ್ದ ಮರದ ಕೊಂಬೆಯಿಂದಲೆ ಗೊಳಗೊಳನೆ ಕೂಗುವುದು; ಆ ಕೂಗನ್ನು ಕೇಳಿ ಹೇಂಟೆಯು ಅದರ ಬಳಿಗೆ ಹೋಗುವುದು ಪ್ರಕೃತಿಯ ನಿಯಮ. ಬೇಟೆಗಾರನು ಇದನ್ನು ತಲೆಕೆಳಗು ಮಾಡುವನು. ತಾನು ಒಂದು ದಪ್ಪ ಮರಕ್ಕೆ ಬೆನ್ನುಕೊಟ್ಟು ಕುಳಿತು, ಚಿಕ್ಕ ಮರದ ಪೆಟ್ಟಿಗೆಯನ್ನು ಉಜ್ಜಿಯೋ ಬಾಯೊಳಗೆ ತೆಳುವಾದ ಪೊರೆಯನ್ನಿಟ್ಟುಕೊಂಡು ಊದಿಯೋ ಹೇಂಟೆಯ ಧ್ವನಿಯನ್ನು ಅನುಕರಿಸುವನು. ಕೆಲವರು ಮುಂದೆ ಒಂದು ಹುಸಿ ಹಕ್ಕಿಯನ್ನೂ ನಿಲ್ಲಿಸುವರು. ಹಳಗನ್ನಡದಲ್ಲಿ ಇಂತಹ ಮೋಸದ ಮಿಗಕ್ಕೆ ದೀವವೆಂಬ ಸುಂದರವಾದ ಹೆಸರೇ ಇರುವುದು. ಬರಬೇಕಾದ ಹೇಂಟೆ ಬಾರದಿದ್ದುದರಿಂದ ಹುಂಜವೇ ಸಂಶಯಪಡುತ್ತ, ಅಡಿಗಡಿಗೆ ನಿಂತು ಕತ್ತನ್ನೆತ್ತಿ ನೋಡುತ್ತ ಬರುವುದು. ಎಂದರೆ, ಆ ತೀಕ್ಷ್ಣವಾದ ಕಣ್ಣು ಹುಡುಕುತ್ತಿರುವುದು ಬೇಟೆಗಾರನು ಕುಳಿತಿರುವ ಜಾಗವನ್ನೇ. ಎತ್ತಿದ ಮೊಣಕಾಲಿನ ಮೇಲೆ ಒರಗಿಸಿದ ಕೋವಿಯು ಅವನ ಶರೀರಕ್ಕಿಂತ ಒಂದೂವರೆ ಅಡಿಯಷ್ಟು ಮುಂದೆ ಚಾಚಿರುವುದು. ಮೈಗೆ ಎಲೆಬಣ್ಣದ ಉಡುಪು, ಮುಖಕ್ಕೆ ಜಾಲರಿ, ಕೈಗೆ ಗವುಸು ಎಲ್ಲವೂ ಇದ್ದು, ಕೋವಿಯ ನಳಿಗೆಯೊಂದು ಬೆಳಗಿನ ಬಿಸಿಲಿಗೆ ಕನ್ನಡಿಯಂತೆ ಹೊಳೆದರೆ ಪ್ರಯಾಸವೆಲ್ಲ ನೀರುಪಾಲು.

ಆದರೆ ಬಣ್ಣವು ಕೊನೆಯ ಕೆಲಸ. ಅದಕ್ಕೆ ಮುಂಚೆ ಕೋವಿಯನ್ನು ಈ ಬೇಟೆಗೆ ಹೊಂದಿಸಿಕೊಳ್ಳಬೇಕು. ಬಣ್ಣದ ಮೋಹದಲ್ಲಿ ಬಹುಜನರು ಮರೆಯುವುದು ಇದನ್ನೇ. ಇಲ್ಲಿ ಬಳಸುವುದು ಚರೆ ಹಾರಿಸುವ ಕೋವಿ. ಹೆಚ್ಚಾಗಿ 12 ಬೋರಿನದು. ಎಂದರೆ ಒಂದು ಪೌಂಡು ಸೀಸವನ್ನು ಸಮನಾದ ಹನ್ನೆರಡು ಗುಂಡುಗಳನ್ನಾಗಿ ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು, ಅಂಗುಲದಲ್ಲಿ ಹೇಳುವುದಾದರೆ 0.729ರಷ್ಟು, ನಳಿಗೆಯ ಒಳ ಅಗಲ. ಹಾರುವ ಹಕ್ಕಿಗೆ ಹೊಡೆಯುವಾಗ ಚರೆಗಳು ಬಲೆಯಂತೆ ಹರಡಬೇಕು. ಟರ್ಕಿಯನ್ನಾದರೋ ನೆಲದ ಮೇಲೆ ನಿಂತಿರುವಾಗಲೇ, ತಲೆ ಮತ್ತು ಕತ್ತಿಗೆ ಗುರಿಯಿಟ್ಟು ಹೊಡೆಯುವುದು ಪದ್ಧತಿ. ದಪ್ಪವಾದ ರೆಕ್ಕೆ, ಎದೆಗಳ ಮೇಲೆ ಬಿದ್ದ ಚರೆಯು ಹಕ್ಕಿಯನ್ನು ಕೊಲ್ಲದೆ ಗಾಯಗೊಳಿಸಿ ಬಿಡುವುದು. ಗಾಯಗೊಂಡ ಹಕ್ಕಿಯು ಪೊದೆಗಳೊಳಗೆ ಓಡಿಹೋಗಿ ದಿನಗಟ್ಟಲೆ ನರಳಿ ಸಾಯುವುದು. ಆದುದರಿಂದ ಚರೆಗಳು ಒಟ್ಟುಗೂಡಿ ಹೋಗಬೇಕು. ಇದಕ್ಕಾಗಿ ನಳಿಗೆಯ ತುದಿಗೆ ಚೋಕು ಎಂಬ ಕಿರಿದಾದ ಕೊಳವೆಯನ್ನು ತಿರುಪುವರು. ಟರ್ಕಿಯ ಚೋಕಿನ ಒಳ ಅಗಲವು 0.660 ಅಂಗುಲದ ಆಸುಪಾಸಿನಲ್ಲಿರುವುದು. ಅಂಗುಲದಲ್ಲಿ ನೂರನೆಯ ಏಳು ಭಾಗದಷ್ಟು ವ್ಯತ್ಯಾಸ. ಆದರೆ ನಲವತ್ತು ಗಜ ದೂರದಲ್ಲಿ ಇದರ ಪರಿಣಾಮವು ಅಗಾಧ.

ಯಾವ ಚೋಕು ಯಾವ ತೋಟಾಕ್ಕೆ ಒಗ್ಗುವುದೆಂಬುದನ್ನು ಪುಸ್ತಕ ಓದಿ ತಿಳಿಯಲಾಗದು. ಒಂದೇ ಕಾರ್ಖಾನೆಯ ಎರಡು ಕೋವಿಗಳು ಸಹ ಭಿನ್ನವಾಗಿ ನಡೆದುಕೊಳ್ಳುವುವು. ಅಗಲವಾದ ಕಾಗದದ ಮೇಲೆ 10 ಅಂಗುಲ ವ್ಯಾಸದ ವೃತ್ತವನ್ನು ಬರೆದು, 40 ಗಜ ದೂರದಿಂದ ಹೊಡೆದು, ವೃತ್ತದೊಳಗಿನ ತೂತುಗಳನ್ನು ಒಂದೊಂದಾಗಿ ಎಣಿಸುವುದೊಂದೇ ದಾರಿ. ಒಂದು ಮುಕ್ಕಾಲು ಔನ್ಸು ತೂಕದ 5ನೆಯ ನಂಬರಿನ ಸೀಸದ ಚರೆ ತುಂಬಿದ ತೋಟಾದಲ್ಲಿ ಸುಮಾರು 300 ಚರೆಗಳಿರುವುವು; ಅವುಗಳಲ್ಲಿ ನೂರಾದರೂ ಆ ವೃತ್ತದೊಳಗೆ ಬೀಳಬೇಕೆಂಬುದು ರೂಢಿಯಲ್ಲಿರುವ ಅಳತೆ. ಬೀಳದಿದ್ದರೆ ತೋಟಾವನ್ನೋ ಚೋಕನ್ನೋ ಬದಲಾಯಿಸಬೇಕು, ಇಲ್ಲವೆ ಇನ್ನೂ ಹತ್ತಿರದಿಂದ ಮಾತ್ರ ಹೊಡೆಯುವೆನೆಂದು ನಿಶ್ಚಯಿಸಬೇಕು. ಈಚೆಗೆ ಸೀಸಕ್ಕಿಂತ ಒಂದೂವರೆಪಟ್ಟು ಸಾಂದ್ರವಾದ ಟಂಗ್‌ಸ್ಟನ್ ಚರೆಗಳೂ ಬಂದಿರುವುವು. ಬೆಲೆ ಬಲು ಹೆಚ್ಚು. ಉಕ್ಕಿನ ಚರೆಯನ್ನು ಮಾತ್ರ ಇಷ್ಟು ಕಿರಿದಾದ ಚೋಕಿನ ಮೂಲಕ ಹಾರಿಸಬಾರದು. ಉಕ್ಕು ಸೀಸದಂತೆ ಅಮುಕಿಕೊಳ್ಳುವುದಿಲ್ಲವಾದುದರಿಂದ ನಳಿಗೆಯೇ ಕೆಡುವ ಭಯವುಂಟು.

ಚರೆಗಳು ಒಟ್ಟುಗೂಡಿದುದರಿಂದ ಮತ್ತೊಂದು ತೊಡಕು ಹುಟ್ಟುವುದು. ಹದಿನೈದು ಗಜದಲ್ಲಿ ಅವು ಮುಷ್ಟಿಯಷ್ಟೇ ಅಗಲಕ್ಕೆ ಹರಡಿರುವುವು. ಬಳಿಗೆ ಬಂದ ಹಕ್ಕಿಯನ್ನೇ ತಪ್ಪಿಸುವುದು ಸುಲಭ. ಆದುದರಿಂದ ನಳಿಗೆಯ ತುದಿಯ ಒಂಟಿ ಮಣಿಯನ್ನು ನಂಬದೆ, ಮುಂದೊಂದು ಹಿಂದೊಂದು ಗುರಿಗುರುತುಗಳನ್ನೋ, ಕೆಂಪು ಚುಕ್ಕೆಯನ್ನು ತೋರಿಸುವ ಗಾಜಿನ ಉಪಕರಣವನ್ನೋ ಕೂರಿಸಿಕೊಳ್ಳುವರು. ಪೊದೆಗಳ ನಡುವೆ ಹೊರಳಿಸಲು ಅನುಕೂಲವಾಗಲೆಂದು 28 ಅಂಗುಲದ ನಳಿಗೆಗೆ ಬದಲಾಗಿ 21ರಿಂದ 24 ಅಂಗುಲದ್ದನ್ನು ಹಾಕಿಕೊಳ್ಳುವರು. 18 ಅಂಗುಲಕ್ಕಿಂತ ಕಡಿಮೆ ಮಾಡಿದರೆ 1934ರ ಶಾಸನದ ಪ್ರಕಾರ ಪ್ರತ್ಯೇಕವಾಗಿ ನೋಂದಾಯಿಸಬೇಕಾಗುವುದು. ಭಾರವಾದ ತೋಟಾದ ಒದೆತವನ್ನು ತಡೆಯಲು ಹೆಗಲಿಗೆ ತಗಲುವ ಕಡೆ ರಬ್ಬರಿನ ಮೆತ್ತೆಯನ್ನು ಕೂರಿಸುವುದುಂಟು. ನ್ಯೂಟನ್ನನ ಮೂರನೆಯ ನಿಯಮಕ್ಕೆ ಕೋವಿಯ ಒದೆತವನ್ನು ದೃಷ್ಟಾಂತವಾಗಿ ಕೊಡುವ ನಮ್ಮಂತಹ ಉಪಾಧ್ಯಾಯರಲ್ಲಿ ಆ ಒದೆತವನ್ನು ಸ್ವತಃ ಉಂಡವರು ಬಹಳ ಮಂದಿಯಿರಲಾರರು!

ಈಗ ಬಣ್ಣದ ವಿಚಾರ. ಮರೆಮಾಡುವ ಬಣ್ಣಗಾರಿಕೆಯನ್ನು ಶಾಸ್ತ್ರವಾಗಿ ಚರ್ಚಿಸಿದ ಮೊದಲಿಗರಲ್ಲಿ ಅಬ್ಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರನು ಮುಖ್ಯನು. ಅವನ ವಿಚಾರಗಳನ್ನು ಮಗನಾದ ಜೆರಾಲ್ಡನು 1909ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಥೇಯರನು ತೋರಿಸಿದ ತತ್ತ್ವಗಳು ಎರಡು. ಮೇಲಿನಿಂದ ಬೆಳಕು ಬೀಳುವುದರಿಂದ ಪ್ರಾಣಿಯ ಬೆನ್ನು ಬೆಳಗಿ ಹೊಟ್ಟೆ ಕಪ್ಪಾಗಿ ತೋರಬೇಕು. ಆದರೆ ಪ್ರಕೃತಿಯು ಬೆನ್ನಿಗೆ ಗಾಢವರ್ಣವನ್ನೂ ಹೊಟ್ಟೆಗೆ ತಿಳಿವರ್ಣವನ್ನೂ ಕೊಟ್ಟು ಉಬ್ಬನ್ನೇ ಅಳಿಸಿಬಿಡುವುದೆಂಬುದು ಒಂದು. ದೇಹದ ಅಂಚನ್ನು ಕಡಿದುಹಾಕುವ ದಿಟ್ಟವಾದ ಪಟ್ಟೆಗಳಿಂದ ಆಕಾರವು ಕಣ್ಣಿಗೆ ಸಿಕ್ಕದೆ ಹೋಗುವುದೆಂಬುದು ಮತ್ತೊಂದು. ಪಾಪ, ಅವನು ಈ ತತ್ತ್ವವನ್ನು ಅತಿಗೆ ಕೊಂಡೊಯ್ದನು. ನವಿಲಿನ ವರ್ಣವೈಭವವೂ ಕಾಡಿನಲ್ಲಿ ಅಡಗುವುದಕ್ಕಾಗಿಯೇ ಎಂದು ಚಿತ್ರ ಬರೆದು ತೋರಿಸಿದನು. ಸ್ವತಃ ಬೇಟೆಗಾರನಾಗಿದ್ದ ಥಿಯೊಡೋರ್ ರೂಸ್‌ವೆಲ್ಟನು 1911ರಲ್ಲಿ ದೀರ್ಘವಾದ ಲೇಖನವನ್ನೇ ಬರೆದು ಅದನ್ನು ಖಂಡಿಸಿದನು. ನಮ್ಮ ತೋಟಗಳಲ್ಲಿ ನವಿಲನ್ನು ಕಂಡವರು ಯಾರ ಪಕ್ಷವನ್ನು ವಹಿಸುವರೋ ಹೇಳಬೇಕಾದುದಿಲ್ಲ. ಆದರೂ ಮೂಲತತ್ತ್ವಗಳು ನಿಂತುವು. ಬೇಟೆಯವರಿಗಾಗಿಯೇ ಎಲೆ ತೊಗಟೆಗಳನ್ನು ಹೋಲುವ ಬಟ್ಟೆಗಳು 1980ರ ಸುಮಾರಿನಿಂದ ಪೇಟೆಗೆ ಬಂದುವು. ಮಾಸಿ ಓಕ್, ರಿಯಲ್‌ಟ್ರೀ ಎಂಬ ಹೆಸರಾಂತ ಮಾದರಿಗಳೆರಡೂ 1986ರಲ್ಲಿ ಹುಟ್ಟಿದುವು.

ಎಲೆಯನ್ನು ಎಲೆಯಂತೆಯೇ ಸೂಕ್ಷ್ಮವಾಗಿ ಬರೆದರೆ ಚೆನ್ನಾಗಿ ಅಡಗುವುದೆಂದು ಸಾಮಾನ್ಯರು ಎಣಿಸುವರು. ನಾವು ಇದನ್ನು ಪರೀಕ್ಷಿಸಬೇಕೆಂದು ಮೂರಡಿಯ ಎರಡು ಬಿದಿರುಕೋಲುಗಳಿಗೆ ಬಣ್ಣ ಹಾಕಿದೆವು. ಒಂದರ ಮೇಲೆ ಬೆರಳಗಲದ ಎಲೆಗಳನ್ನು ಒತ್ತೊತ್ತಾಗಿ ಬಿಡಿಸಿದೆವು. ಮತ್ತೊಂದರ ಮೇಲೆ ಗೇಣಗಲದ ಮಣ್ಣುಬಣ್ಣ ಮತ್ತು ಕಡುಗಂದುಗಳ ಪಟ್ಟೆಗಳನ್ನು ಓರೆಯಾಗಿ ಎಳೆದೆವು. ಎರಡನ್ನೂ ಕಾಲೇಜಿನ ಆವರಣದ ಹೊಂಗೆಯ ಮರಗಳ ಬುಡದಲ್ಲಿ ಒರಗಿಸಿ, ವಿದ್ಯಾರ್ಥಿಗಳನ್ನು ನಲವತ್ತು ಹೆಜ್ಜೆ ದೂರದಿಂದ ನೋಡಹೇಳಿದೆವು. ಅಷ್ಟು ದೂರಕ್ಕೆ ಸಣ್ಣ ಎಲೆಗಳೆಲ್ಲ ಒಂದರೊಡನೊಂದು ಬೆರೆತು ಮೊದಲಿನ ಕೋಲು ಬರಿಯ ಕಪ್ಪು ಕೋಲಾಗಿ ಕಂಡಿತು; ಎಲ್ಲರೂ ತೋರಿಸಿದರು. ಪಟ್ಟೆಯ ಕೋಲು ಮೂರು ತುಂಡಾಗಿ ಒಡೆದಂತಾಗಿ, ಅದನ್ನು ಕಂಡುಹಿಡಿದವರು ಇಬ್ಬರೇ. ಆದರೆ ನಾವು ಬಚ್ಚಿಟ್ಟಿದ್ದ ದಾರದಿಂದ ಅದನ್ನು ಗೇಣುದ್ದ ಎಳೆದ ಕೂಡಲೆ ಇಡೀ ತರಗತಿ ‘ಅಲ್ಲಿ!’ ಎಂದು ಕೂಗಿತು. ಚಲನೆಗೆ ಬಳಿಯತಕ್ಕ ಬಣ್ಣವು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ. ಹಕ್ಕಿಯ ತಲೆಯು ಮರದ ಹಿಂದೆ ಮರೆಯಾದಾಗಲೋ, ಅದು ಬಾಲವನ್ನು ಬೀಸಣಿಗೆಯಂತೆ ಅರಳಿಸಿ ಹಿಂದಿರುಗಿದಾಗಲೋ ಮಾತ್ರ ಬೇಟೆಗಾರನು ಕೋವಿಯನ್ನು ಸರಿಸುವುದು ಇದಕ್ಕಾಗಿ.

ಬಣ್ಣ ಹಚ್ಚುವ ಕ್ರಮವು ಕಷ್ಟವಾದುದಲ್ಲ, ತಾಳ್ಮೆ ಬೇಕು. ತೋಟಾ ಉಳಿದಿಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಎರಡೆರಡು ಸಲ ನೋಡಿಕೊಂಡು, ಕೋವಿಯ ಭಾಗಗಳನ್ನು ಬಿಚ್ಚಬೇಕು. ಎಣ್ಣೆಯ ಜಿಡ್ಡನ್ನು ಅಸಿಟೋನಿನಂತಹ ದ್ರವದಿಂದ ತೊಳೆದ ಮೇಲೆ ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಸಾಕು, ಅಲ್ಲಿ ಬಣ್ಣವು ಸಿಪ್ಪೆಯಂತೆ ಏಳುವುದು. ಹೊಳಪಿಲ್ಲದ ಬಣ್ಣದ ಡಬ್ಬಿಯನ್ನು ಒಂದಡಿ ದೂರದಲ್ಲಿ ಹಿಡಿದು, ಗಾಳಿಯಾಡುವ ಕಡೆ ನಿಂತು, ತೆಳ್ಳಗೆ ಎರಚಬೇಕು. ಮೊದಲು ಒಣಹುಲ್ಲಿನ ತಿಳಿ ಬಣ್ಣ. ಅದು ಆರಿದ ಮೇಲೆ ಕಂದು, ಹಸುರು. ಸಮೀಪದ ಕಾಡಿನದೇ ಸೊಪ್ಪಿನ ಕಡ್ಡಿಯನ್ನೋ ಹುಲ್ಲಿನ ಎಸಳನ್ನೋ ಅಡ್ಡ ಹಿಡಿದು ಎರಚಿದರೆ ಅದರ ಅಚ್ಚು ತಿಳಿಯಾಗಿ ಉಳಿಯುವುದು. ಥೇಯರನ ಮಾತನ್ನು ಅನುಸರಿಸುವುದಾದರೆ ನಳಿಗೆಯ ಮೇಲ್ಭಾಗಕ್ಕೆ ಕಡುಬಣ್ಣ, ಕೆಳಗೆ ತಿಳಿಬಣ್ಣ. ಕೊನೆಗೆ ಹೊಳಪಿಲ್ಲದ ಪಾರದರ್ಶಕ ಲೇಪ. ಚೆನ್ನಾಗಿ ಒಣಗುವುದಕ್ಕೆ ಕೆಲವು ದಿನಗಳನ್ನೇ ಕೊಡಬೇಕು. ಇಲ್ಲವಾದರೆ ನಳಿಗೆಯನ್ನು ಶುದ್ಧಿಮಾಡುವ ದ್ರವವು ತಗುಲಿ ಬಣ್ಣವೆಲ್ಲ ಕರಗಿ ಕೈಗೆ ಬರುವುದು. ಕಾರ್ಖಾನೆಗಳಲ್ಲಿ ಚಿತ್ರ ಮುದ್ರಿಸಿದ ತೆಳುಪೊರೆಯನ್ನು ನೀರಿನ ಮೇಲೆ ತೇಲಿಬಿಟ್ಟು ಕೋವಿಯ ಭಾಗವನ್ನು ಅದರ ಮೂಲಕ ಮುಳುಗಿಸುವ ವಿಧಾನವಿದೆ. ಪಿತ್ರಾರ್ಜಿತವಾದ ಹಳೆಯ ಕೋವಿಯಾದರೆ ಬಣ್ಣದ ಗೊಡವೆಗೆ ಹೋಗದೆ ಬಟ್ಟೆಯ ಪಟ್ಟಿಯನ್ನು ಸುತ್ತುವುದೇ ಲೇಸು.

ಎಲ್ಲಿ ಬಳಿಯಬೇಕೆಂಬುದಕ್ಕಿಂತ ಎಲ್ಲಿ ಬಳಿಯಬಾರದೆಂಬುದು ಮುಖ್ಯ. ನಳಿಗೆಯ ಒಳಮೈ, ತೋಟಾ ಕೂರುವ ಮನೆ, ಚೋಕಿನ ತಿರುಪು, ಟರ್ಕಿನ ಯಂತ್ರಭಾಗ, ಗುರಿಯ ಗಾಜು ಇವೆಲ್ಲವನ್ನೂ ಅಂಟುಕಾಗದದಿಂದ ಮುಚ್ಚಬೇಕು. ಕೋವಿಯ ಕ್ರಮಾಂಕವು ಓದಲು ಬರುವಂತಿರಬೇಕು. ಅದನ್ನು ಅಳಿಸುವುದು ಅಪರಾಧ. ಎಲ್ಲಕ್ಕೂ ಮಿಗಿಲಾದುದು ರಕ್ಷಣೆಯ ಗುಂಡಿ. ಹಲವು ಕೋವಿಗಳಲ್ಲಿ ಆ ಗುಂಡಿಯ ಕೆಂಪು ಉಂಗುರ ಕಂಡರೆ ಕೋವಿಯು ಹಾರಲು ಸಿದ್ಧವಾಗಿದೆಯೆಂದು ಅರ್ಥ. ಎಳ್ಳುಕಾಳಿನಷ್ಟಿರುವ ಆ ಕೆಂಪನ್ನು ಕಂದು ಬಣ್ಣದಲ್ಲಿ ಮುಚ್ಚಿದವನು ಹಕ್ಕಿಯನ್ನಲ್ಲ, ತನ್ನನ್ನೇ ವಂಚಿಸಿಕೊಂಡಂತೆ.

ಹಕ್ಕಿಯ ಕಣ್ಣಿಗೆ ಮರೆಯಾದವನು ಮನುಷ್ಯನ ಕಣ್ಣಿಗೂ ಮರೆಯಾಗುವನಲ್ಲವೆ? ಇದೇ ಈ ಬೇಟೆಯ ಘೋರವಾದ ಪ್ರಶ್ನೆ. ಜಿಂಕೆಗೆ ಕಿತ್ತಳೆಯ ಬಣ್ಣ ಎದ್ದು ತೋರುವುದಿಲ್ಲವಾದುದರಿಂದ ಅದರ ಬೇಟೆಯವರು ಉರಿಯುವ ಕಿತ್ತಳೆಬಣ್ಣದ ಅಂಗಿಯನ್ನು ತೊಡುವರು. ಟರ್ಕಿಗೆ ಅದು ಚೆನ್ನಾಗಿ ಕಾಣುವುದರಿಂದ ವಸಂತದ ಬೇಟೆಯಲ್ಲಿ ಬಹುಪಾಲು ಸಂಸ್ಥಾನಗಳು ಅದನ್ನು ಕಡ್ಡಾಯ ಮಾಡಿಲ್ಲ. ಒಂದೇ ಕಾಡಿನಲ್ಲಿ ಇಬ್ಬರು, ಇಬ್ಬರೂ ಎಲೆಗಳಂತೆ ಅಡಗಿ, ಇಬ್ಬರೂ ಹೇಂಟೆಯಂತೆ ಕೂಗುತ್ತಿರುವುದನ್ನು ಊಹಿಸಿರಿ. ಪೊದೆ ಅಲುಗಿತು, ಧ್ವನಿ ಬಂದಿತು, ಕೆಂಪಗೆ ಏನೋ ಕಂಡಿತು. ಆತುರದವನ ಬೆರಳು ಅಮುಕಿತು. ಇಂತಹ ದುರಂತಗಳು ಅಲ್ಲಿ ನಡೆದುಹೋಗಿರುವುವು. ಹುಂಜದ ತಲೆಯ ಮೂರು ಬಣ್ಣಗಳನ್ನು ನೆನಪಿನಲ್ಲಿಡಿರೆಂದು ನಾವು ಹೇಳಿದುದು ಇದಕ್ಕೆ: ಕೆಂಪು, ಬಿಳಿ, ನೀಲಿಗಳಲ್ಲಿ ಯಾವುದೂ ಬೇಟೆಗಾರನ ಮೈಮೇಲೆ, ಅಂಗಿಯ ಕೊರಳಿನಲ್ಲಿ, ಜೇಬಿನ ಕರವಸ್ತ್ರದಲ್ಲಿ ಸಹ ಇರಬಾರದು. ಬೆನ್ನಿಗಿರುವ ಮರವು ಹೆಗಲಿಗಿಂತ ಅಗಲವಾಗಿರಬೇಕು. ಕೂಗಿದ ಹಕ್ಕಿಯ ಕಡೆಗೆ ತೆವಳಿಕೊಂಡು ಹೋಗಬಾರದು. ಕೂಗಿದುದು ಹಕ್ಕಿಯೇ ಎಂದು ಯಾರು ಬಲ್ಲರು? ಇನ್ನೊಬ್ಬನು ಹತ್ತಿರ ಬರುವುದನ್ನು ಕಂಡರೆ ಕೈ ಬೀಸದೆ, ಮಿಸುಕದೆ, ಗಟ್ಟಿಯಾದ ಮನುಷ್ಯಧ್ವನಿಯಿಂದ ಕೂಗಿ ಹೇಳಬೇಕು. ಬೆಳಗಿನ ಬೇಟೆಯು ಅಲ್ಲಿಗೆ ಕೆಟ್ಟಿತು, ಕೆಡಲಿ. ಗಡ್ಡದ ಕುಚ್ಚನ್ನೂ ತಲೆಯನ್ನೂ ಪೂರ್ಣವಾಗಿ ಕಾಣುವವರೆಗೆ ಗುಂಡಿಯನ್ನು ಸರಿಸಕೂಡದು.

ಅಡಗಿಸಿದ ಕೋವಿಗೆ ಒಂದು ವಿನೋದದ ದೋಷವೂ ಉಂಟು. ಹಕ್ಕಿ ಬಿದ್ದ ಸಂಭ್ರಮದಲ್ಲಿ ಅದನ್ನು ಎಲೆಗಳ ಮೇಲೆ ಇರಿಸಿ ಓಡಿದವನು, ಹಿಂದಿರುಗಿ ಬಂದು ತನ್ನ ಕೋವಿಯನ್ನೇ ಕಾಣದೆ ಮರದಿಂದ ಮರಕ್ಕೆ ತಡಕಾಡುವ ಪ್ರಸಂಗವು ಹೊಸದಲ್ಲ. ತಿಳಿದವರು ಕಿತ್ತಳೆಯ ಬಣ್ಣದ ಒಂದು ದೊಡ್ಡ ಬಟ್ಟೆಯನ್ನು ಚೀಲದೊಳಗೆ ಮಡಿಸಿಟ್ಟಿರುವರು. ಬೇಟೆ ಮುಗಿದು, ಕೋವಿಯಿಂದ ತೋಟಾಗಳನ್ನು ತೆಗೆದಮೇಲೆ, ಸತ್ತ ಹಕ್ಕಿಯ ಕೆಂಪು ತಲೆಯೂ ಬಾಲವೂ ಹೊರಗೆ ಕಾಣದಂತೆ ಅದನ್ನು ಆ ಬಟ್ಟೆಯಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು, ಅದೇ ಬಣ್ಣದ ಟೋಪಿಯನ್ನು ತಲೆಗಿಟ್ಟುಕೊಂಡು, ದೂರದಿಂದ ಎಲ್ಲರಿಗೂ ಕಾಣುವಂತೆ ಕಾಡಿನಿಂದ ಹೊರಬರುವರು.